ಹಳೇ ಬೇಸ್ ಗಿಟಾರ್, ಹಳೇ ವಾಲ್ವ್ ಆಂಪ್: ಆ ಸದ್ದು ಎಲ್ಲಿಂದ ಬರುತ್ತಿತ್ತು?

ದಪ್ಪತಂತಿ (ಮೈಸೂರು):

ಎಲ್ಲರಿಗೂ ನಮಸ್ಕಾರ. ಬೇಸ್ ನುಡಿಸುವವರು ಇಲ್ಲಿ ಕೆಲವರಾದರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. 60ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಅನ್ನೋ ಸಂಗೀತ ಕಂಪನಿ ತಂದ ರೆಕಾರ್ಡ್‌ಗಳಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ ಬೇಸ್ ಇದೆಯಲ್ಲ, ನನಗೆ ಅದರ ಹುಚ್ಚು ಹತ್ತಿದೆ. ದುಂಡಗೆ, ಮೆತ್ತಗೆ ಇರುತ್ತದೆ, ಆದರೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಸ್ವರ ಹುಟ್ಟಿದ ಕೂಡಲೇ ಅರ್ಧ ಅಡಗಿಬಿಡುತ್ತದೆ, ಆ ಖಾಲಿ ಜಾಗದಲ್ಲಿ ಡ್ರಮ್ ಬಂದು ಕೂರುತ್ತದೆ.

ನನ್ನ ಹತ್ತಿರ ಇರುವುದು ಐದು ತಂತಿಯ ಆಕ್ಟಿವ್ ಬೇಸ್ (ಒಳಗೇ ಬ್ಯಾಟರಿ ಸರ್ಕ್ಯೂಟ್ ಇರುವುದು), ಜೊತೆಗೆ ಬ್ಯಾಗಲ್ಲಿ ಹಾಕಿಕೊಂಡು ಓಡಾಡಬಹುದಾದ ಕ್ಲಾಸ್ ಡಿ ಆಂಪ್ (ಈಗಿನ ಹಗುರ ಆಂಪ್ಲಿಫೈಯರ್). ಎರಡೂ ಚೆನ್ನಾಗಿವೆ, ದೂರುವಂಥದ್ದು ಏನಿಲ್ಲ. ಆದರೆ ನಾಬ್ ಎಷ್ಟು ತಿರುಗಿಸಿದರೂ ಆ ಸದ್ದು ಮಾತ್ರ ಬರಲ್ಲ. ಟ್ರೆಬಲ್ ಇಳಿಸಿದರೆ ಬರೀ ಮಂಕಾಗುತ್ತದೆ ಅಷ್ಟೇ.

ಮಿಷಿಗನ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮಗ, ಅಲ್ಲೊಬ್ಬರ ಮನೆಯಲ್ಲಿ 60ರ ದಶಕದ ಆಂಪೆಗ್ ಬಿ-15 ಅನ್ನೋ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಬೇಸ್ ಆಂಪ್ ಮಾರಾಟಕ್ಕಿದೆ ಅಂತ ಫೋಟೋ ಕಳಿಸಿದ್ದಾನೆ. "ಬೇಕಾದ್ರೆ ಹೇಳೋ, ಹಡಗಲ್ಲಿ ಹಾಕಿಸ್ತೀನಿ" ಅಂತಾನೆ. ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ತರಿಸಿಕೊಳ್ಳಲಾ? ಅಥವಾ ಆ ಸದ್ದಿನ ಗುಟ್ಟು ಬೇರೆ ಎಲ್ಲಾದರೂ ಇದೆಯಾ?

ನಾಲ್ಕೇತಂತಿ (ಬೆಂಗಳೂರು):

ಗುರೂ, ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ಮೊದಲು ತಂತಿ ಬದಲಾಯಿಸಿ.

ಜೇಮರ್ಸನ್ ಸ್ಟುಡಿಯೋದಲ್ಲಿ ಹೆಚ್ಚಾಗಿ ಆಂಪ್ ಮೂಲಕ ರೆಕಾರ್ಡ್ ಮಾಡುತ್ತಲೇ ಇರಲಿಲ್ಲ. ಬೇಸ್‌ನ ಕೇಬಲ್ ನೇರವಾಗಿ ಕನ್ಸೋಲ್‌ಗೆ (ರೆಕಾರ್ಡಿಂಗ್‌ನಲ್ಲಿ ಸದ್ದು ಬೆರೆಸುವ ಮೇಜಿಗೆ) ಹೋಗುತ್ತಿತ್ತು. ಬಿ-15 ಇದ್ದದ್ದು ಕ್ಲಬ್‌ಗಳಲ್ಲಿ ನುಡಿಸುವುದಕ್ಕೆ. ಅಂದಮೇಲೆ ನೀವು ರೆಕಾರ್ಡಲ್ಲಿ ಕೇಳಿ ಮರುಳಾಗಿರುವುದು ಬಹುಪಾಲು ಅವರ ಬೇಸ್ ಮತ್ತು ಅವರ ಕೈಗೆ.

ಆ ಬೇಸ್ 1962ರ ಫೆಂಡರ್ ಪ್ರಿಸಿಷನ್. ಅದಕ್ಕೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್‌ವೂಂಡ್ ತಂತಿ. ಈಗ ನಾವೆಲ್ಲ ಹಾಕುವ ರೌಂಡ್‌ವೂಂಡ್ ಮೇಲೆ ಉಗುರು ಎಳೆದರೆ ಝರ್ ಅನ್ನುತ್ತದಲ್ಲ, ಇದು ಹಾಗಲ್ಲ. ಮೇಲೆ ಸುತ್ತಿರುವ ಲೋಹ ಚಪ್ಪಟೆ ಪಟ್ಟಿ, ಬೆರಳಿಗೆ ನುಣ್ಣಗೆ ಸಿಗುತ್ತದೆ. ತಂತಿ ತುಂಡಾಗದ ಹೊರತು ಅವರು ಬದಲಾಯಿಸುತ್ತಲೂ ಇರಲಿಲ್ಲ. ಬೆವರು, ಜಿಡ್ಡು ಸೇರಿ ಸೇರಿ ಮೇಲಿನ ಝಣಝಣ ಎಲ್ಲ ಹೋಗಿ ತಿರುಳು ಮಾತ್ರ ಉಳಿಯುತ್ತಿತ್ತು. ಬ್ರಿಜ್ (ತಂತಿಗಳ ಕೆಳತುದಿ ಕೂರುವ ಜಾಗ) ಮೇಲಿನ ಲೋಹದ ಮುಚ್ಚಳದ ಒಳಗೆ ಸ್ಪಂಜು ಬೇರೆ. ನೀವು ಹೇಳಿದಿರಲ್ಲ, ಸ್ವರ ಅರ್ಧ ಅಡಗಿಬಿಡುತ್ತದೆ ಅಂತ, ಅದು ಈ ಸ್ಪಂಜಿನ ಕೆಲಸ.

ಇನ್ನು ಕೈ. ಅವರು ಮೊದಲು ಕಲಿತದ್ದು ನಿಂತು ನುಡಿಸುವ ಡಬಲ್ ಬೇಸ್. ಆ ಅಭ್ಯಾಸದಿಂದ ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ಆ ಬೆರಳಿಗೆ ದಿ ಹುಕ್ (ಕೊಕ್ಕೆ) ಅಂತಲೇ ಹೆಸರು ಬಿದ್ದಿತ್ತು. ತಂತಿ ಫ್ರೆಟ್‌ನಿಂದ (ಬೇಸ್‌ನ ಕತ್ತಿನ ಮೇಲಿನ ಲೋಹದ ಗೆರೆ) ಎಷ್ಟು ಎತ್ತರದಲ್ಲಿತ್ತು ಅಂದರೆ ಬೇರೆಯವರಿಗೆ ಒತ್ತುವುದೇ ಕಷ್ಟ. ಇಷ್ಟೆಲ್ಲ ಮಾಡಿದ ಮನುಷ್ಯನ ಹೆಸರು 1971ರವರೆಗೆ ಮೋಟೌನ್ ರೆಕಾರ್ಡ್ ಕವರ್ ಮೇಲೆ ಬರಲೇ ಇಲ್ಲ. 1983ರಲ್ಲಿ ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ ಆ ಬೇಸ್ ಕಳುವಾಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪಾತ್ರೆ ತೊಳೆಯುವ ಹೊಸ ಸ್ಪಂಜಿನ ಒಂದು ತುಂಡು ಕತ್ತರಿಸಿ ಬ್ರಿಜ್ ಪಕ್ಕ ತಂತಿಗಳ ಕೆಳಗೆ ತುರುಕಿ ನೋಡಿ. ಅರ್ಧ ದಾರಿ ಇವತ್ತೇ ಮುಗಿಯುತ್ತದೆ.

ಹಿಮದೂರು (ಡೆಟ್ರಾಯಿಟ್ ಹತ್ತಿರ):

ಮೇಲಿನವರು ಹೇಳಿದ್ದು ಸರಿ, ಆದರೆ ಆಂಪ್ ಲೆಕ್ಕಕ್ಕೇ ಇಲ್ಲ ಅನ್ನುವ ಹಾಗೆ ಕೇಳಿಸಿತು, ಅದನ್ನು ಒಪ್ಪಲಾರೆ. ಮೋಟೌನ್ ಸ್ಟುಡಿಯೋ ಇದ್ದ ಮನೆ ಈಗ ಮ್ಯೂಸಿಯಂ, ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನಲ್ಲಿದೆ. ಊರಿಂದ ಯಾರೇ ಬರಲಿ, ಮೊದಲು ಅಲ್ಲಿಗೇ ಕರಕೊಂಡು ಹೋಗುತ್ತೇನೆ. ಅಷ್ಟು ಚಿಕ್ಕ ಕೋಣೆಯಿಂದ ಅಷ್ಟೊಂದು ಹಾಡು ಬಂತಾ ಅಂತ ಬೆರಗಾಗುತ್ತದೆ. ಚಾವಣಿಯಿಂದ ಕೇಬಲ್‌ಗಳು ಇಳಿಬಿದ್ದಿರುತ್ತಿದ್ದವಂತೆ, ಅದಕ್ಕೇ ವಾದ್ಯದವರು ಆ ಜಾಗವನ್ನು ಹಾವಿನ ಗುಂಡಿ ಅಂತ ಕರೆಯುತ್ತಿದ್ದರು.

ಬಿ-15 ವಿಷಯಕ್ಕೆ ಬರೋಣ. ನಮ್ಮ ಬ್ಯಾಂಡಿನ ಹಿರಿಯರೊಬ್ಬರ ಹತ್ತಿರ ಒಂದಿದೆ, ನುಡಿಸಿದ್ದೇನೆ. ಆಂಪೆಗ್ 60ರ ದಶಕದಲ್ಲಿ ನ್ಯೂಜೆರ್ಸಿಯಲ್ಲಿದ್ದ ಕಂಪನಿ, ಈ ಮಾದರಿ ಬಂದದ್ದು 1960ರಲ್ಲಿ, ವಿನ್ಯಾಸ ಜೆಸ್ ಆಲಿವರ್ ಅವರದು. ಪೆಟ್ಟಿಗೆಯ ಮುಚ್ಚಳದ ಮೇಲೇ ಆಂಪ್ ಕೂತಿರುತ್ತದೆ. ನುಡಿಸುವುದು ಮುಗಿದ ಮೇಲೆ ವಾಲ್ವ್ ಆರುವವರೆಗೆ ಕಾಯಬೇಕು. ಆಮೇಲೆ ಚಿಲಕ ಬಿಚ್ಚಿ ಮುಚ್ಚಳ ಮಗುಚಿದರೆ ಆಂಪ್ ತಲೆಕೆಳಗಾಗಿ ಪೆಟ್ಟಿಗೆಯೊಳಗೆ ಕೂರುತ್ತದೆ. ಆ ಚಿಲಕ ಕಟ್ ಅಂತ ಬೀಳುವ ಸದ್ದಿಗೇ ಮನಸ್ಸು ಸೋಲುತ್ತದೆ.

ಶಕ್ತಿ 25–30 ವ್ಯಾಟ್ ಅಷ್ಟೇ, 15 ಇಂಚಿನ ಒಂದು ಸ್ಪೀಕರ್. ಈಗಿನ ಲೆಕ್ಕದಲ್ಲಿ ಏನೇನೂ ಸಾಲದು. ಆದರೆ ಸ್ವಲ್ಪ ಜೋರಾಗಿ ಮೀಟಿದರೆ ವಾಲ್ವ್ ದಣಿದು ಸ್ವರದ ಅಂಚು ಒಂಚೂರು ಒರಟಾಗುತ್ತದೆ, ಮೆಲ್ಲಗೆ ಮೀಟಿದರೆ ಮತ್ತೆ ತಿಳಿಯಾಗುತ್ತದೆ. ಬೆರಳು ಹೇಳಿದ್ದನ್ನು ಆಂಪ್ ಕೇಳುತ್ತದೆ. ಅದು ನುಡಿಸುವವರನ್ನೇ ಬದಲಾಯಿಸುತ್ತದೆ ಕಣ್ರೀ. ನಾನು ಕಡಿಮೆ ಸ್ವರ ನುಡಿಸಲು ಕಲಿತದ್ದು ಅದರ ಎದುರೇ.

ಸಾಲ್ಡರ್‌ಹೊಗೆ (ಬೆಂಗಳೂರು):

ಆಂಪ್ ರಿಪೇರಿ ಮಾಡುವವನಾಗಿ ಎರಡು ಮಾತು. ದಯವಿಟ್ಟು ಗಮನ ಇಟ್ಟು ಓದಿ.

ಅಮೆರಿಕದ ಹಳೇ ಆಂಪ್ 117–120 ವೋಲ್ಟ್‌ಗೆ ಮಾಡಿದ್ದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಅಲ್ಲಿಗೆ ಕಥೆ ಮುಗಿಯಿತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ವಿಚಾರಿಸಿದರೆ ಸುತ್ತಿಕೊಡುವವರು ಸಿಗುತ್ತಾರೆ. ಅಲ್ಲಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. ಅದಕ್ಕೆ ಆಂಪ್ ಒಳಗಿನ ಟ್ರಾನ್ಸ್‌ಫಾರ್ಮರ್ ಇಲ್ಲಿ ಜಾಸ್ತಿ ಬಿಸಿಯಾಗುತ್ತದೆ.

60ರ ದಶಕದ ಆಂಪ್‌ಗಳಲ್ಲಿ ಎರಡು ಪಿನ್ನಿನ ಪ್ಲಗ್ ಸಾಮಾನ್ಯ, ಅರ್ಥ್ ಇರಲ್ಲ. ಮೇನ್ಸ್‌ನಿಂದ ಚಾಸಿಗೆ (ಆಂಪಿನ ಲೋಹದ ಚೌಕಟ್ಟಿಗೆ) ಒಂದು ಕೆಪಾಸಿಟರ್ ಹಾಕಿರುತ್ತಾರೆ. ಅದು ಶಾರ್ಟ್ ಆದರೆ ಬೇಸ್‌ನ ತಂತಿಗೇ ಕರೆಂಟ್ ಬರುತ್ತದೆ. ಒಂದು ಕೈ ತಂತಿ ಮೇಲಿಟ್ಟು ಮೈಕ್‌ಗೆ ತುಟಿ ತಾಗಿಸಿದರೆ ಪ್ರಾಣವೇ ಹೋಗಬಹುದು. ಆ ಕೆಪಾಸಿಟರ್ ಕಿತ್ತುಹಾಕಿ ಮೂರು ಪಿನ್ ಹಾಕಿಸದೆ ಆನ್ ಮಾಡಲೇಬೇಡಿ. ಹಳೆಯದನ್ನು ಹಾಗೇ ಉಳಿಸಬೇಕು ಅನ್ನುವ ಆಸೆ ಈ ವಿಷಯದಲ್ಲಿ ಬೇಡ. ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ಗಳು ಇಷ್ಟು ವರ್ಷಕ್ಕೆ ಒಣಗಿರುತ್ತವೆ, ಅವೂ ಹೊಸದಾಗಬೇಕು. ಸ್ಪೀಕರ್ ಕಳಚಿಟ್ಟು ವಾಲ್ವ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಅದೂ ನೆನಪಿರಲಿ.

ಇಷ್ಟು ಮಾಡಿಸಿದರೆ ಇನ್ನೂ ಹತ್ತಾರು ವರ್ಷ ದುಡಿಯುತ್ತದೆ. ಆ ಕಾಲದವರು ರಿಪೇರಿಗೆ ಬರುವ ಹಾಗೆ ಕಟ್ಟಿದ್ದಾರೆ. ಒಳಗೆ ಒಂದೊಂದು ವೈರೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಈಗಿನ ಎಷ್ಟೋ ಬೋರ್ಡ್‌ಗಳನ್ನು ಎಸೆದು ಹೊಸದು ಹಾಕಬೇಕು, ಅದಕ್ಕೇ ನನಗೆ ಹಳೇದರ ಮೇಲೆ ಇಷ್ಟು ಪ್ರೀತಿ.

ಎಂಟುಸ್ಪೀಕರ್ (ಹುಬ್ಬಳ್ಳಿ):

ಬಿ-15 ಬಗ್ಗೆ ಇಷ್ಟು ಮಾತಾಡಿ ಅದರ ಅಣ್ಣನನ್ನೇ ಮರೆತಿರಲ್ರೀ! 1969ರಲ್ಲಿ ಆಂಪೆಗ್ ಎಸ್‌ವಿಟಿ ಬಂತು. 300 ವ್ಯಾಟ್, 14 ವಾಲ್ವ್. ರೋಲಿಂಗ್ ಸ್ಟೋನ್ಸ್ ಅದೇ ವರ್ಷದ ಅಮೆರಿಕ ಪ್ರವಾಸಕ್ಕೆ ಅದನ್ನೇ ಒಯ್ದರು. 10 ಇಂಚಿನ ಎಂಟು ಸ್ಪೀಕರ್ ಇರುವ ಪೆಟ್ಟಿಗೆ, ಈಗ ಮಾರುವ 810ಇ ಮಾದರಿಯೇ 60 ಕೆಜಿ ದಾಟುತ್ತದೆ. ಮೆಟ್ಟಿಲು ಹತ್ತಿಸಿದವರಿಗೇ ಗೊತ್ತು. ಆದರೆ ಅದರ ಮುಂದೆ ನಿಂತು ದಪ್ಪನೆಯ ಇ ತಂತಿ ಮೀಟಿದರೆ ಪ್ಯಾಂಟು ಅಲುಗಾಡುತ್ತದೆ, ನೆಲ ಅದುರುತ್ತದೆ. ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನುಡಿಸುವ ಹುಡುಗರಿಗೆ ಇದನ್ನು ಹೇಗೆ ಹೇಳೋದು? ಎಲ್ಲ ಸ್ವರವೂ ಸ್ವಚ್ಛವಾಗಿ ಕೇಳುತ್ತದೆ, ಮೈಗೆ ಮಾತ್ರ ಏನೂ ತಾಗಲ್ಲ. ನನಗೆ ಆ ಕಾಲದ್ದು ಬೇಕು ಅನ್ನಿಸೋದು ಅದೊಂದೇ.

ದಪ್ಪತಂತಿ (ಮೈಸೂರು):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಪಂಜು ಇಟ್ಟು ನೋಡಿದೆ, ನಾಲ್ಕೇತಂತಿ ಸರ್, ಕೇಳಿ ಕುಣಿಯುವಂತಾಯಿತು! ನಮ್ಮ ಡ್ರಮ್ಮರ್ ತಾನಾಗೇ ತಿರುಗಿ ನೋಡಿದ. ಫ್ಲ್ಯಾಟ್‌ವೂಂಡ್ ಆರ್ಡರ್ ಹಾಕಿದ್ದೇನೆ. ಬಿ-15 ಸದ್ಯಕ್ಕೆ ಬೇಡ ಅಂತ ತಮ್ಮನಿಗೆ ಹೇಳಿದೆ. ಹಿಮದೂರು ಅಕ್ಕ, ನಿಮ್ಮೂರಿಗೆ ಬಂದರೆ ಆ ಹಿರಿಯರ ಆಂಪ್ ಒಂದು ಗಂಟೆ ಕೊಡಿಸಬೇಕು. ಇನ್ನೊಂದು ಪ್ರಶ್ನೆ: ದಪ್ಪ ತಂತಿ ಹಾಕಿದರೆ ನೆಕ್‌ಗೆ (ಬೇಸ್‌ನ ಕತ್ತಿಗೆ) ತೊಂದರೆ ಆಗುತ್ತಾ?

ಸಾಲ್ಡರ್‌ಹೊಗೆ (ಬೆಂಗಳೂರು):

ಎಳೆತ ಜಾಸ್ತಿಯಾಗಿ ನೆಕ್ ಸ್ವಲ್ಪ ಮುಂದಕ್ಕೆ ಬಾಗಬಹುದು. ತಂತಿ ಹಾಕಿ ಒಂದೆರಡು ದಿನ ಬಿಡಿ, ಆಮೇಲೆ ಟ್ರಸ್ ರಾಡ್ (ನೆಕ್ ಒಳಗಿನ ಬಾಗು ಸರಿಮಾಡುವ ಲೋಹದ ಸರಳು) ಕಾಲು ಸುತ್ತು ಬಿಗಿ ಮಾಡಿ ನೋಡಿ. ಒಂದೇ ಸಲ ಜಾಸ್ತಿ ತಿರುಗಿಸಬೇಡಿ. ನಟ್‌ನ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳಿನಲ್ಲಿ ತಂತಿ ಪೂರ್ತಿ ಕೂರದಿದ್ದರೆ ಒತ್ತಬೇಡಿ, ಅರ ಹಾಕಿ ಅಗಲ ಮಾಡಿಸಬೇಕು. ಬೆಂಗಳೂರಿಗೆ ಬಂದಾಗ ತನ್ನಿ, ಮಾಡಿಕೊಡುತ್ತೇನೆ.