ಕೂದಲು, ಕಾಡಿಗೆ ಮತ್ತು ಸ್ಟೀಲ್ ಪ್ಯಾಂಥರ್ ತಗಾದೆ

ಹಳೆಕ್ಯಾಸೆಟ್: ಲಾಸ್ ಏಂಜಲೀಸ್‌ನ ಸ್ಟೀಲ್ ಪ್ಯಾಂಥರ್ ತಂಡವನ್ನು ಗ್ಲ್ಯಾಮ್ ಮೆಟಲ್‌ಗೆ, ಅಂದರೆ ಎಂಬತ್ತರ ದಶಕದಲ್ಲಿ ಗಂಡಸರು ಕೂದಲು ಕೆದರಿ, ಕಾಡಿಗೆ ಹಚ್ಚಿ ನುಡಿಸಿದ ಅಬ್ಬರದ ರಾಕ್‌ಗೆ, ಮರುಜೀವ ಕೊಟ್ಟವರೆಂದು ಹೊಗಳುವುದನ್ನು ಓದಿ ಓದಿ ಸಾಕಾಗಿದೆ. ಮರುಜೀವ ಹಾಗಿರಲಿ, ತಿಥಿಯೂಟಕ್ಕೆ ಕುಳಿತು ಸತ್ತವರನ್ನೇ ಗೇಲಿ ಮಾಡುವವರು ಇವರು. ನಾವು ಮಾಟ್ಲಿ ಕ್ರೂ, ರಾಟ್, ಪಾಯ್ಸನ್ ಕ್ಯಾಸೆಟ್‌ಗಳನ್ನು ಕಡ ತಂದು, ಟೇಪು ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಕೇಳಿದವರು. 1983ರ ನವೆಂಬರ್‌ನಲ್ಲಿ ಕ್ವೈಯಟ್ ರಯಟ್ ತಂಡದ ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹೆವಿ ಮೆಟಲ್‌ಗೆ ಆ ಭಾಗ್ಯ ಸಿಕ್ಕಿದ್ದು ಅದೇ ಮೊದಲು ಎನ್ನುತ್ತಾರೆ. ಆ ಹುಡುಗರು ತುಟಿಗೆ ಬಣ್ಣ ಬಳಿದುಕೊಂಡದ್ದು ಜನ ಬೆರಗಾಗಲಿ ಎಂದು, ನಗಲಿ ಎಂದಲ್ಲ.

ಆರನೆಯತಂತಿ: ತಿಥಿ ಎಂದಿರಲ್ಲ, ವರ್ಷಗಟ್ಟಲೆ ವಾರವಾರವೂ ತಿಥಿ ಮಾಡುವಷ್ಟು ಪ್ರೀತಿ ಯಾವ ಮಗನಿಗಿದೆ ಹೇಳಿ. 2009ರ ಆಲ್ಬಮ್‌ಗೆ ಮುಂಚೆ ಇವರು ಬೇರೆ ಬೇರೆ ಹೆಸರಿನಲ್ಲಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್ ಬೀದಿಯ ಕ್ಲಬ್‌ಗಳಲ್ಲಿ ಅದೇ ಹಳೆಯ ಹಾಡುಗಳನ್ನು ನುಡಿಸುತ್ತಿದ್ದರು. ಗಾಯಕ ಮೈಕಲ್ ಸ್ಟಾರ್, ವ್ಯಾನ್ ಹೇಲನ್ ತಂಡದ ಹಾಡುಗಳನ್ನೇ ಹಾಡುವ ತಂಡದಲ್ಲಿ ಪಳಗಿದವರು. ಗಿಟಾರ್ ವಾದಕ ಸ್ಯಾಚೆಲ್, ಅಂದರೆ ರಸ್ ಪ್ಯಾರಿಶ್, ಜೂಡಾಸ್ ಪ್ರೀಸ್ಟ್‌ನ ರಾಬ್ ಹ್ಯಾಲ್ಫರ್ಡ್ ಕಟ್ಟಿದ ಫೈಟ್ ತಂಡದಲ್ಲಿ ನುಡಿಸಿದವರು. ಅಣಕವಾಡು ಬರೆಯಬೇಕಾದರೂ ಮೂಲದ ಛಂದಸ್ಸು ಬಾಯಿಪಾಠವಿರಬೇಕಲ್ಲವೇ? ನಾನು ಇವರ ಸೋಲೊ ಒಂದನ್ನು ಕಲಿಯಲು ಹೋಗಿ ಮೂರು ತಿಂಗಳು ಕಳೆದಿದ್ದೇನೆ. ಇನ್ನೂ ಬಂದಿಲ್ಲ.

ಕಪ್ಪುಶಾಯಿ: ಅವರ ಬೆರಳಿನ ಚುರುಕಿನ ಬಗ್ಗೆ ನನ್ನ ತಕರಾರಿಲ್ಲ, ಸಾಹಿತ್ಯದ ಬಗ್ಗೆ ಇದೆ. ಹೆಣ್ಣನ್ನು ಕುರಿತ ಕೊಳಕು ಮಾತಿಗೆಲ್ಲ 'ಇದು ವ್ಯಂಗ್ಯ' ಎಂಬ ಚೀಟಿ ಅಂಟಿಸಿಬಿಟ್ಟರೆ ಆಯಿತೇ? 2018ರಲ್ಲಿ ಗಿಟಾರಿನ ದನಿ ಬದಲಿಸುವ ಸಾಧನಗಳ ಕಂಪನಿಯೊಂದು ಸ್ಯಾಚೆಲ್ ಅವರಿಗಾಗಿ ಒಂದು ಧ್ವನಿಯನ್ನು ಸಿದ್ಧಪಡಿಸಿತು. ಅದಕ್ಕಿಟ್ಟ ಹೆಸರನ್ನು ಇಲ್ಲಿ ಬರೆಯಲಾರೆ. ಜನ ಸಹಿ ಸಂಗ್ರಹಿಸಿ ಆಕ್ಷೇಪಿಸಿದ ಮೇಲೆ ಕಂಪನಿ ಅದನ್ನು ತೆಗೆದುಹಾಕಿತು. ತಂಡ ಏನು ಮಾಡಿತು? ಅದೇ ಹೆಸರಿನ ಪೆಡಲ್, ಅಂದರೆ ಕಾಲಿನಿಂದ ಒತ್ತಿ ದನಿ ಬದಲಿಸುವ ಪೆಟ್ಟಿಗೆ, ಮಾಡಿಸಿ ತಾನೇ ಮಾರಿತು. ಅಣಕ ಚುಚ್ಚಬೇಕಾದದ್ದು ಎಂಬತ್ತರ ದಶಕದ ಮದವೇರಿದ ಗಂಡಸರನ್ನು. ಇಲ್ಲಿ ಚುಚ್ಚಿಸಿಕೊಂಡವರು ಗಿಟಾರ್ ಕಲಿಯಲು ಬಂದ ಹುಡುಗಿಯರು.

ಒಂದನ್ನು ಮಾತ್ರ ಒಪ್ಪುತ್ತೇನೆ. 2021ರವರೆಗೆ ಇದ್ದ ಬಾಸ್ ವಾದಕ ಲೆಕ್ಸಿ ಫಾಕ್ಸ್ ಕಛೇರಿಯ ನಡುವೆ ಕನ್ನಡಿ ನೋಡುತ್ತಾ ತುಟಿ ತೀಡಿಕೊಳ್ಳುತ್ತಿದ್ದರು. ನಿಜವಾದ ವ್ಯಂಗ್ಯ ಅದು. ಒಂದು ಮಾತಿಲ್ಲದೆ ಇಡೀ ಕಾಲದ ಗಂಡಸರ ಠೇಂಕಾರವನ್ನು ಬಯಲಿಗೆಳೆಯಿತು.

ನಾರ್ವಿಚ್ಚಿನಿಂದ: ಹಬ್ಬದ ಉಲ್ಲಾಸ ಬೇಕು, ಈ ಹೊಲಸು ಬೇಡ ಎನ್ನುವವರು ಬ್ರಿಟನ್ನಿನ ದಿ ಡಾರ್ಕ್‌ನೆಸ್ ತಂಡವನ್ನು ಕೇಳಿ. ನಾನಿರುವ ಊರಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ಹೋದರೆ ಅವರ ಲೋಸ್ಟಾಫ್ಟ್, ಬ್ರಿಟನ್ನಿನ ಮೂಡಣ ತುದಿಯ ಮೀನುಗಾರಿಕೆಯ ಊರು. ಅಲ್ಲಿಂದ ಎದ್ದ ಜಸ್ಟಿನ್ ಹಾಕಿನ್ಸ್ ಮೈಗಂಟಿದ ಉಡುಪು ತೊಟ್ಟು, ಕೀಚಲು ಕಂಠದಲ್ಲಿ ಹಾಡಿದ 2003ರ ಮೊದಲ ಆಲ್ಬಮ್ ಬ್ರಿಟನ್ನಿನಲ್ಲಿ ಒಂದನೆಯ ಸ್ಥಾನಕ್ಕೇರಿತು. ಮರುವರ್ಷ ಅಲ್ಲಿನ ಸಂಗೀತ ಪ್ರಶಸ್ತಿಗಳಾದ ಬ್ರಿಟ್ ಮೂರು ಬಂದವು. ಆ ಆಲ್ಬಮ್ ಶುರುವಾಗುವುದೇ ಬ್ಲ್ಯಾಕ್ ಶಕ್ ಎಂಬ ದೆವ್ವದ ನಾಯಿಯ ಹಾಡಿನಿಂದ. 1577ರ ಗುಡುಗು ಮಳೆಯಲ್ಲಿ ಆ ನಾಯಿ ಬ್ಲೈತ್‌ಬರೊ ಚರ್ಚಿಗೆ ನುಗ್ಗಿತಂತೆ. ಬಾಗಿಲಿನ ಮೇಲಿನ ಸುಟ್ಟ ಗುರುತುಗಳನ್ನು ಈಗಲೂ ತೋರಿಸುತ್ತಾರೆ. ನಾನು ಬೆರಳಿಟ್ಟು ನೋಡಿದ್ದೇನೆ. ಕ್ಯಾಲಿಫೋರ್ನಿಯಾದ ವೇಷ ತೊಟ್ಟರೂ ಅವರು ಹಾಡಿದ್ದು ತಮ್ಮ ಅಜ್ಜಿ ಹೇಳುವಂಥ ಕತೆಯನ್ನು. ಸ್ಟೀಲ್ ಪ್ಯಾಂಥರ್‌ಗೆ ಅಂಥ ಊರೇ ಇಲ್ಲ.

ಆರನೆಯತಂತಿ: ಸನ್‌ಸೆಟ್ ಸ್ಟ್ರಿಪ್ ಊರಲ್ಲವೇ? ಅವರ ದೆವ್ವಗಳೆಲ್ಲ ಅಲ್ಲೇ ಇವೆ, ಕ್ಲಬ್ಬಿನ ಬಾಗಿಲಿನಲ್ಲೇ. ಮತ್ತೆ, ನಿಮ್ಮ ಲೋಸ್ಟಾಫ್ಟ್ ಸಜ್ಜನರ ಅದೇ ಆಲ್ಬಮ್‌ನ ಎರಡನೆಯ ಹಾಡಿನ, 'ಗೆಟ್ ಯುವರ್ ಹ್ಯಾಂಡ್ಸ್ ಆಫ್ ಮೈ ವುಮನ್'ನ, ಬೈಗುಳಗಳನ್ನು ಎಣಿಸಿದ್ದೀರಾ?

ಕಪ್ಪುಶಾಯಿ: ಎಣಿಸಿದ್ದೇನೆ, ಒಂದು ಕೈಯ ಬೆರಳು ಸಾಲಲಿಲ್ಲ. ಆದರೆ ಅಲ್ಲಿ ಬೈಸಿಕೊಳ್ಳುವವನು ಇನ್ನೊಬ್ಬ ಗಂಡಸು. 'ನನ್ನ ಹೆಂಗಸು' ಎಂಬ ಧಾಟಿ ನನಗೆ ಹಿಡಿಸದು, ಆ ಮಾತು ಬೇರೆ.

ಹಳೆಕ್ಯಾಸೆಟ್: ಡಾರ್ಕ್‌ನೆಸ್ ಗ್ಲ್ಯಾಮ್ ಮೆಟಲ್ ಹೇಗಾದೀತು? ಅದರಲ್ಲಿ ಅರ್ಧ ಕ್ವೀನ್, ಅರ್ಧ ಎಸಿ/ಡಿಸಿ, ಎರಡೂ ಎಪ್ಪತ್ತರ ದಶಕದ ರಾಕ್ ತಂಡಗಳು. 2005ರ ಎರಡನೆಯ ಆಲ್ಬಮ್‌ಗೆ ಕ್ವೀನ್‌ನ ನಿರ್ಮಾಪಕ ರಾಯ್ ಥಾಮಸ್ ಬೇಕರ್ ಅವರನ್ನೇ ಕರೆತಂದರು. ಈಗ ಡ್ರಮ್ಸ್ ಬಾರಿಸುತ್ತಿರುವುದೂ ಕ್ವೀನ್‌ನ ರೋಜರ್ ಟೇಲರ್ ಅವರ ಮಗ.

ಆರನೆಯತಂತಿ: ಅಸಲಿ ಯಾವುದು ಎಂದು ಹುಡುಕುತ್ತಾ ಹೋದರೆ ನಿಮ್ಮ ಕ್ಯಾಸೆಟ್‌ಗಳೂ ಉಳಿಯುವುದಿಲ್ಲ ಸರ್. ಲಾಸ್ ಏಂಜಲೀಸ್‌ನವರು ಆ ಕೂದಲನ್ನೂ ಕಾಡಿಗೆಯನ್ನೂ ಕಲಿತದ್ದು ನ್ಯೂಯಾರ್ಕ್ ಡಾಲ್ಸ್‌ರಿಂದ, ಫಿನ್‌ಲೆಂಡಿನ ಹನೋಯ್ ರಾಕ್ಸ್‌ರಿಂದ. ಜನ ನಗಬಾರದೆಂದು ಅವರು ಕುಣಿದರು ಎಂಬುದನ್ನೂ ನಾನು ನಂಬುವುದಿಲ್ಲ. ಟ್ವಿಸ್ಟೆಡ್ ಸಿಸ್ಟರ್ ತಂಡದ ಗಾಯಕ ಡೀ ಸ್ನೈಡರ್ ಅವರನ್ನು ನೆನೆಯಿರಿ. 1985ರಲ್ಲಿ ಹಾಡಿನ ಸಾಹಿತ್ಯದ ಬಗ್ಗೆ ಅಮೆರಿಕದ ಸೆನೆಟ್ ಸಮಿತಿ ಕರೆದಾಗ ಕೆದರಿದ ಕೂದಲಿನಲ್ಲೇ ಹೋಗಿ ಕುಳಿತರು. ಕೋಡಂಗಿ ಬಂದ ಎಂದುಕೊಂಡವರಿಗೆ ವಕೀಲನ ಉತ್ತರ ಸಿಕ್ಕಿತು. ನಗುವುದೂ ಬೆರಗಾಗುವುದೂ ಆಗ ಒಟ್ಟಿಗೇ ಇದ್ದವು.

ಮಿಂಚುಪ್ಯಾಂಟು: ಜಗಳದ ನಡುವೆ ಒಂದು ಸಣ್ಣ ಪ್ರಶ್ನೆ. ಕೂದಲು ಹಾಗೆ ನಿಲ್ಲಲು ಏನು ಹಾಕುತ್ತಿದ್ದರು?

ಆರನೆಯತಂತಿ: ಆಕ್ವಾ ನೆಟ್ ಎಂಬ ಅಗ್ಗದ ಸ್ಪ್ರೇ. ಸ್ಟೀಲ್ ಪ್ಯಾಂಥರ್‌ನಲ್ಲಿ ವಿಗ್ ಕೂಡ ಉಂಟು, ಹಾಗಾಗಿ ಖರ್ಚು ಕಡಿಮೆ.

ಹಳೆಕ್ಯಾಸೆಟ್: ನಗುವಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. 1991ರ ಸೆಪ್ಟೆಂಬರ್‌ನಲ್ಲಿ ಸಿಂಗಾರವಿಲ್ಲದ ಗ್ರಂಜ್ ರಾಕ್ ನುಡಿಸುವ ನಿರ್ವಾಣ ತಂಡದ ಆಲ್ಬಮ್ ಬಂತು, ಮರು ಜನವರಿಯಲ್ಲಿ ಪಟ್ಟಿಯ ತುದಿಗೇರಿತು. ಮಾಸಿದ ಸ್ವೆಟರ್‌ನವರ ಎದುರು ಮಿಂಚುವ ಪ್ಯಾಂಟಿನವರು ನೋಡುನೋಡುತ್ತಿದ್ದಂತೆ ಬಫೂನುಗಳಾದರು. ನಮ್ಮ ಹಾಸ್ಟೆಲಿನಲ್ಲಿ ಮೊದಲು ನಕ್ಕವನು ನಾನೇ. ಪಾಯ್ಸನ್ ಕ್ಯಾಸೆಟ್ಟಿನ ತೂತುಗಳಿಗೆ ಸೆಲೋಟೇಪು ಅಂಟಿಸಿ, ಅದರ ಮೇಲೆಯೇ ಬೇರೆ ಧ್ವನಿಮುದ್ರಣ ಮಾಡಿಕೊಂಡೆ.

ಕಪ್ಪುಶಾಯಿ: ಏನನ್ನು?

ಹಳೆಕ್ಯಾಸೆಟ್: ನಿರ್ವಾಣವನ್ನು, ಇನ್ನೇನನ್ನು. ಹಾಸ್ಟೆಲಿನ ಟೇಪ್ ರೆಕಾರ್ಡರಿನ ಹೆಡ್ ಸವೆದಿತ್ತು. ಹಳೆಯದು ಪೂರ್ತಿ ಅಳಿಯಲಿಲ್ಲ. ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಪಾಯ್ಸನ್ ಸಣ್ಣಗೆ ಕೇಳಿಸುತ್ತಿತ್ತು.