ಅಪ್‌ಡೇಟ್: ಕ್ಯಾಂಪರ್‌ವ್ಯಾನಲ್ಲಿ ಗಿಗ್ರಿನ್ ಫಾರ್ಮ್‌ಗೆ ಹೋಗ್ಬಂದ್ವಿ

ಊರಿಂದ ಬಂದಿರೋ ಅಪ್ಪ ಅಮ್ಮನ್ನ ಕ್ಯಾಂಪರ್‌ವ್ಯಾನಲ್ಲಿ ಕರ್ಕೊಂಡು ವೇಲ್ಸ್‌ನ ಗಿಗ್ರಿನ್ ಫಾರ್ಮ್‌ಗೆ ರೆಡ್ ಕೈಟ್ ಅನ್ನೋ ಬೇಟೆ ಹಕ್ಕಿ ನೋಡೋಕೆ ಹೋಗ್ಬಹುದಾ, ದುಡ್ಡು ದಂಡ ಆಗಲ್ವಾ ಅಂತ ಕೇಳಿದ್ನಲ್ಲ, ಹೋಗ್ಬಂದ್ವಿ. ಸಲಹೆ ಕೊಟ್ಟೋರಿಗೆಲ್ಲ ಥ್ಯಾಂಕ್ಸ್.

ದಾರಿಗೇನೂ ತೊಂದ್ರೆ ಇಲ್ಲ, ರೇಯಡರ್ ಊರಿನ ಪಕ್ಕದಲ್ಲೇ ಇದೆ, ಒಂದು ಕುಟುಂಬ ನಡೆಸೋ ಫಾರ್ಮು, ಕ್ಯಾಂಪರ್ ನಿಲ್ಸೋಕೂ ಅಲ್ಲೇ ಜಾಗ. ಹಕ್ಕಿಗಳಿಗೆ ಮಾಂಸ ಹಾಕೋದು ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ, ಬೇಸಿಗೆಯಲ್ಲಿ 3ಕ್ಕೆ, ಇಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸ್ತಾರಲ್ಲ ಅದಕ್ಕೆ (ಹಕ್ಕಿಗಳಿಗೆಲ್ಲಿ ಗೊತ್ತು ಅದು!).

ಮರದ ಹೈಡ್ (ಹಕ್ಕಿಗೆ ಕಾಣದಂಗೆ ಕೂತು ನೋಡೋ ಗುಡಿಸಲು) ಒಳಗೆ ಕೂತ್ಕೊಂಡ್ವಿ, ಟ್ರ್ಯಾಕ್ಟರ್ ಬಂತು, ಮಾಂಸ ಎಸೆದ್ರು, ಮೊದಲು ಇಳಿದಿದ್ದು ಬರೀ ಕಾಗೆಗಳು, ಅಮ್ಮ "ಇದನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತೇನೋ" ಅಂದ್ರು, ಅಷ್ಟರಲ್ಲಿ ಮೇಲೆ ಸುತ್ತುತ್ತಿದ್ದ ಕೈಟ್‌ಗಳು ಸುಯ್ ಅಂತ ಬಂದು ನೆಲದ ಮೇಲೆ ಕೂರ್ದೇನೇ ಕಾಲಲ್ಲಿ ಎತ್ಕೊಂಡು ಹೋಗಿ ಹಾರ್ತಾ ಹಾರ್ತಾನೇ ತಲೆ ಬಗ್ಗಿಸಿ ತಿಂತಾವೆ! ನಮ್ಮೂರ ಹದ್ದಿನ ಜಾತಿನೇ, ಆದ್ರೆ ಮೈ ಕೆಂಗಂದು, ಬಾಲ ಇನ್ನೂ ಆಳಕ್ಕೆ ಸೀಳಿರುತ್ತೆ, ತಿರುಗುವಾಗ ಆ ಬಾಲನೇ ಆ ಕಡೆ ಈ ಕಡೆ ತಿರುಚುತ್ತೆ. ಒಂದ್ಕಾಲದಲ್ಲಿ ಇಡೀ ಬ್ರಿಟನ್‌ನಲ್ಲಿ ಈ ಮಧ್ಯ ವೇಲ್ಸ್‌ನಲ್ಲಷ್ಟೇ ಕೆಲವು ಜೋಡಿ ಉಳಿದಿದ್ವಂತೆ, ಈಗ ನೂರಾರು ಒಟ್ಟಿಗೆ.

ಹೀಗೆ ಮಾಂಸ ಹಾಕಿ ಹಕ್ಕಿ ಕರೆಯೋದು ಸಹಜ ಅಲ್ಲ ಅಂದೋರ ಮಾತೂ ಒಪ್ತೀನಿ, ಆದ್ರೆ ಮಂಡಿನೋವಿರೋ ಅಪ್ಪಂಗೆ ಹಕ್ಕಿ ಹುಡುಕ್ಕೊಂಡು ಬೆಟ್ಟ ಹತ್ತಿಸೋಕಾಗುತ್ತಾ? ಹೋಗೋರು ತೆರೆದಿರೋ ದಿನ ನೋಡ್ಕೊಂಡು ಹೋಗಿ, ಜರ್ಕಿನ್ ಮಾತ್ರ ಮರೀಬೇಡಿ.