ಒಂದೇ ಫ್ಲ್ಯಾಶ್‌ನಲ್ಲಿ ಅಜ್ಜಿಯ ಪೋರ್ಟ್ರೇಟ್ ತೆಗೆಯೋದು ಹೇಗೆ? ಬಜೆಟ್ 12,000

ಜಗಲಿಕಟ್ಟೆ
ಮುಂದಿನ ತಿಂಗಳು ಸಾಗರದ ಹತ್ತಿರ ನಮ್ಮ ಮನೆಯಲ್ಲಿ ಅಜ್ಜಿಯ ಸಹಸ್ರ ಚಂದ್ರ ದರ್ಶನ ಶಾಂತಿ ಇದೆ. ಅವರದೊಂದು ಒಳ್ಳೆಯ ಪೋರ್ಟ್ರೇಟ್ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಬೇಕು ಅಂತ ತುಂಬಾ ಆಸೆ. ಕ್ಯಾನನ್ 200ಡಿ ಮಾರ್ಕ್ 2 ಇದೆ, 50 ಎಂಎಂ ಎಫ್/1.8 ಲೆನ್ಸ್ ಇದೆ. ಹಳೆಯ ಮನೆ, ಒಳಗೆ ಕತ್ತಲು. ಕ್ಯಾಮೆರಾದಲ್ಲೇ ಇರುವ ಫ್ಲ್ಯಾಶ್ ಹಾಕಿ ನೋಡಿದೆ: ಮುಖ ಬೆಳ್ಳಗೆ ಚಪ್ಪಟೆ, ಕೆನ್ನೆಯ ಸುಕ್ಕೆಲ್ಲ ಮಾಯ, ಹಿಂದಿನ ಗೋಡೆ ಮೇಲೆ ಕಪ್ಪು ನೆರಳು. ಅದು ನಮ್ಮಜ್ಜಿಯ ಮುಖವೇ ಅಲ್ಲ. ಫ್ಲ್ಯಾಶನ್ನು ಕ್ಯಾಮೆರಾದಿಂದ ದೂರ ಇಡಬೇಕು ಅಂತ ಗೊತ್ತು, ಆದರೆ ಏನು ಕೊಳ್ಳಲಿ? ಎರಡು ಲೈಟಿನ ಕಿಟ್ ಬೇಕಾ, ಒಂದೇ ಸಾಕಾ?

ನೆರಳುಬೆಳಕು
ಒಂದೇ ಸಾಕು. ಆದರೆ ಕೊಳ್ಳುವ ಮುಂಚೆ ನಿಮ್ಮ ಕ್ಯಾಮೆರಾದ ತಲೆ ಮೇಲಿನ ಹಾಟ್ ಶೂ (ಫ್ಲ್ಯಾಶ್ ಸಿಕ್ಕಿಸುವ ಜಾಗ) ನೋಡಿ. ಮಧ್ಯದಲ್ಲಿ ಇರಬೇಕಾದ ದೊಡ್ಡ ಕಾಂಟ್ಯಾಕ್ಟ್ ಆ ಮಾಡೆಲ್‌ನಲ್ಲಿ ಇಲ್ಲ. ದೂರ ಇಟ್ಟ ಫ್ಲ್ಯಾಶನ್ನು ಕ್ಯಾಮೆರಾದಿಂದ ಹೊಡೆಸುವ ತೀರಾ ಅಗ್ಗದ ಟ್ರಿಗರ್‌ಗಳು ಅದೊಂದನ್ನೇ ನಂಬಿಕೊಂಡು ಕೆಲಸ ಮಾಡುತ್ತವೆ, ನಿಮ್ಮದರಲ್ಲಿ ಅವು ಹೊಡೆಯೋದೇ ಇಲ್ಲ. ನಾನು ಇದೇ ಕ್ಯಾಮೆರಾಗೆ ಸುಮ್ನೆ ಒಂದು ಟ್ರಿಗರ್ ತರಿಸಿ ದುಡ್ಡು ಕಳೆದುಕೊಂಡೆ. ಕ್ಯಾನನ್‌ಗೆಂದೇ ಮಾಡಿದ ಟ್ರಿಗರ್ ತೆಗೆದುಕೊಳ್ಳಿ, ಕ್ಯಾಮೆರಾ ಜೊತೆಗೇ ಅಂಗಡಿಗೆ ಹೋಗಿ ಹಾಕಿ ನೋಡಿ.

ಫ್ಲ್ಯಾಶ್‌ಗೆ ಗೊಡಾಕ್ಸ್ ಟಿಟಿ600 ಸಾಕು. ರೇಡಿಯೋ ರಿಸೀವರ್ ಒಳಗೇ ಇದೆ, ಬೇರೆ ಕೊಳ್ಳಬೇಕಿಲ್ಲ. ಪೂರ್ತಿ ಮ್ಯಾನುಯಲ್, ಪವರ್ ನಾವೇ ಹೊಂದಿಸಬೇಕು, ಅದಕ್ಕೆ ಬೇಜಾರು ಬೇಡ. ಅಜ್ಜಿ ಕುರ್ಚಿಯಲ್ಲಿ ಕೂತಿರುತ್ತಾರೆ, ಲೈಟ್ ನಿಂತಲ್ಲೇ ಇರುತ್ತೆ, ಒಮ್ಮೆ ಪವರ್ ಹೊಂದಿಸಿದರೆ ಮತ್ತೆ ಮುಟ್ಟಬೇಕಿಲ್ಲ. ಒಂದು ಸ್ಟ್ಯಾಂಡ್, ಫ್ಲ್ಯಾಶ್ ಬೆಳಕನ್ನು ಹರಡುವ ಒಂದು ಬಿಳಿ ಛತ್ರಿ, ರೀಚಾರ್ಜ್ ಆಗುವ 4 ಡಬಲ್ ಎ ಸೆಲ್. ಫ್ಲ್ಯಾಶ್ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಈಗ ಮುಖ್ಯವಾದದ್ದು. ಛತ್ರಿಯನ್ನು ಮುಖಕ್ಕೆ ಹತ್ತಿರ ತನ್ನಿ, ಮೂರು ಅಡಿ, ಫ್ರೇಮಿನ ಅಂಚಿಗೆ ತಾಗುವಷ್ಟು. ಎಲ್ಲರೂ ಹೆದರಿ ದೂರ ಇಡುತ್ತಾರೆ. ಹತ್ತಿರ ಬಂದಷ್ಟೂ ಬೆಳಕು ಮುಖದ ಲೆಕ್ಕದಲ್ಲಿ ದೊಡ್ಡದಾಗುತ್ತೆ, ನೆರಳಿನ ಅಂಚು ಮೆತ್ತಗಾಗುತ್ತೆ. ಇನ್ನೊಂದು ಲಾಭವೂ ಇದೆ: ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಅಜ್ಜಿಯಿಂದ ಗೋಡೆ ಇನ್ನೂ ಮೂರು ಅಡಿ ಹಿಂದಿದ್ದರೆ ಅದಕ್ಕೆ ಸಿಗೋದು ಕಾಲು ಭಾಗ ಅಷ್ಟೇ, ತಾನಾಗೇ ಕಪ್ಪಾಗುತ್ತೆ. ಅದೇ ಛತ್ರಿ ಹತ್ತು ಅಡಿ ದೂರದಲ್ಲಿದ್ದರೆ ಗೋಡೆಗೂ ಅರ್ಧಕ್ಕಿಂತ ಜಾಸ್ತಿ ಬೆಳಕು ಬೀಳುತ್ತೆ, ಗೋಡೆ ಮೇಲಿನ ಕ್ಯಾಲೆಂಡರೂ ಸ್ವಿಚ್ ಬೋರ್ಡೂ ಅಜ್ಜಿಯಷ್ಟೇ ಎದ್ದು ಕಾಣುತ್ತವೆ.

ಮದುವೆಮನೆ_ಕ್ಯಾಮೆರಾ
ಮೇಲಿನವರು ಹೇಳಿದ್ದು ಸರಿ. ಸೆಟ್ಟಿಂಗ್ ನಾನು ಹೇಳುತ್ತೇನೆ. ಎಂ (ಮ್ಯಾನುಯಲ್) ಮೋಡ್, ಐಎಸ್ಒ 200, ಎಫ್/4. 1.8 ಆಸೆಗೆ ಬೀಳಬೇಡಿ, ಒಂದು ಕಣ್ಣು ಶಾರ್ಪ್ ಆಗಿ ಇನ್ನೊಂದು ಮಸುಕಾಗುತ್ತೆ. ಶಟರ್ 1/160 ಸೆಕೆಂಡ್. 1/200ಕ್ಕಿಂತ ವೇಗ ಮಾಡಿದರೆ ಫೋಟೊದಲ್ಲಿ ಕಪ್ಪು ಪಟ್ಟಿ ಬರುತ್ತೆ. ಫ್ಲ್ಯಾಶ್ ಪೂರ್ತಿ ಪವರಿನ 1/16ರಿಂದ ಶುರು ಮಾಡಿ, ಬೇಕಾದಂತೆ ಏರಿಸಿ ಇಳಿಸಿ. ಕೋಣೆಯ ಬೆಳಕು ಸ್ವಲ್ಪ ಕಾಣಬೇಕು ಅಂದರೆ ಶಟರ್ ಮಾತ್ರ ನಿಧಾನ ಮಾಡಿ, ಮುಖದ ಮೇಲಿನ ಫ್ಲ್ಯಾಶ್ ಬೆಳಕು ಹಾಗೇ ಇರುತ್ತೆ.

ಅಜ್ಜಿ ಕನ್ನಡಕ ಹಾಕ್ತಾರಾ? ಹಾಗಿದ್ದರೆ ಲೈಟ್ ಎತ್ತರಿಸಿ, ಕನ್ನಡಕದ ಕಡ್ಡಿಯನ್ನು ಕಿವಿಯಿಂದ ಒಂದು ಬೆರಳಷ್ಟು ಮೇಲಕ್ಕೆತ್ತಿ. ಗಾಜು ಕೆಳಕ್ಕೆ ಬಾಗಿ ಹೊಳಪು ಹೋಗುತ್ತೆ. ಕತ್ತಲಾದ ಕೆನ್ನೆಯ ಕಡೆ ಒಂದು ಬಿಳಿ ಥರ್ಮೋಕೋಲ್ ಹಿಡಿಸಿ, ಎರಡನೇ ಲೈಟಿನ ಕೆಲಸ ಅದೇ ಮಾಡುತ್ತೆ. ಸ್ಟ್ಯಾಂಡಿನ ಕಾಲಿಗೆ ನೀರು ತುಂಬಿದ ಕ್ಯಾನ್ ಕಟ್ಟಿ. ಮಕ್ಕಳು ಓಡಾಡುವ ಮನೆ ಅಲ್ವಾ, ಅಜ್ಜಿ ಮೇಲೆ ಬಿದ್ದರೆ ಕಷ್ಟ.

ಜಗಲಿಕಟ್ಟೆ
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಟ್ ಶೂ ನೋಡಿದೆ, ನಿಜ, ಮಧ್ಯದ ಕಾಂಟ್ಯಾಕ್ಟ್ ಇಲ್ಲ. ಇನ್ನೂ ಏನೂ ಕೊಂಡಿಲ್ಲ. ನಿನ್ನೆ ರಾತ್ರಿ ಮೊಬೈಲ್ ಟಾರ್ಚ್ ಮುಂದೆ ಬಿಳಿ ಪಂಚೆ ಹಿಡಿದು ಅಜ್ಜಿಯ ಸುತ್ತ ತಿರುಗಿಸಿ ನೋಡಿದೆ. ನೇರ ಎದುರಿಗೆ ಹಿಡಿದಾಗ ಚಪ್ಪಟೆ. ಎಡಕ್ಕೆ ತಂದು ಹಣೆಗಿಂತ ಸ್ವಲ್ಪ ಮೇಲೆ ಹಿಡಿದಾಗ ಮೂಗಿನ ನೆರಳು ಕೆನ್ನೆ ಕಡೆ ಇಳಿಯಿತು, ಕಣ್ಣಲ್ಲಿ ಒಂದು ಚುಕ್ಕಿ ಬಂತು, ಮೂಗುಬೊಟ್ಟು ಮಿಣುಕ್ ಅಂತು. ಅಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಶಾಂತಿಯ ದಿನವೇ ತೆಗೆಯಬಹುದಾ?

ನೆರಳುಬೆಳಕು
ಬೇಡ. ಹೋಮದ ಹೊಗೆಗೆ ಕಣ್ಣು ಕೆಂಪಾಗಿರುತ್ತೆ, ಅವರಿಗೆ ದಣಿವೂ ಜಾಸ್ತಿ. ಹಿಂದಿನ ದಿನ ಬೆಳಗ್ಗೆ ತಿಂಡಿ ಆದಮೇಲೆ ತೆಗೆಯಿರಿ. ಅದಕ್ಕೂ ಮುಂಚೆ ಅದೇ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿ ಪವರ್ ಹೊಂದಿಸಿಟ್ಟುಕೊಳ್ಳಿ, ಅಜ್ಜಿಯನ್ನು ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ.